ಅರವಟ್ಟಿಗೆಯವನು ಹೂಂ ಎಂದ ಮಾತು

"ಗುರುಗಳೇ, ನಮ್ಮ ಮಾತೊಂದು ನನಗೆ ಸಾಲದೇ? ಇನ್ನೊಂದು ಸೀಮೆಯ ಮಾತು ಕಲಿತರೆ ಬರುವುದಾದರೂ ಏನು?" ಎಂದು ಶಿಷ್ಯ ಕೇಳಿದ.

ಕೇಳಲು ಕಾರಣವಿತ್ತು. ಗುಡ್ಡದಾಚೆಯ ಸೀಮೆಯ ಯಾತ್ರಿಕರು ಆ ಮಠಕ್ಕೆ ಬರುತ್ತಿದ್ದರು. ಅವರಿಗೆ ಊಟ ಬಡಿಸುವುದು ಶಿಷ್ಯನ ಕೆಲಸ. ಅವರ ಮಾತು ಕಲಿ ಎಂದು ಗುರುಗಳು ಅಂದು ಬೆಳಿಗ್ಗೆ ಹೇಳಿದ್ದರು. ಶಿಷ್ಯನಿಗೆ ಮೂರು ಸಾವಿರ ಪದ್ಯ ಬಾಯಿಗೆ ಬರುತ್ತಿತ್ತು. ಗುರುಗಳಿಗೆ ತಮ್ಮ ಹೆಸರು ಬರೆಯಲೂ ಬರುತ್ತಿರಲಿಲ್ಲ.

ಗುರುಗಳು ಹೇಳಿದರು: "ತಮ್ಮಾ, ನಾನು ಅಕ್ಷರ ಕಲಿತವನಲ್ಲ. ಆದರೆ ಕತೆ ಹೇಳುವುದರಲ್ಲಿ ನನ್ನನ್ನು ಮೀರಿಸುವವನು ಇದ್ದಾನೆಯೇ ಎಂದು ಏಳು ಸೀಮೆ ತಿರುಗಿ ನೋಡಿದ್ದೇನೆ. ಸಿಗಲಿಲ್ಲ. ಒಮ್ಮೆ ಕೇಳುವವರು ಯಾರೂ ಇಲ್ಲದೆ ಒಂದು ಪಾಳುಬಾವಿಗೆ ಬಗ್ಗಿ ಕತೆ ಹೇಳಿದೆ. ಮುಗಿಯುವ ಹೊತ್ತಿಗೆ ಅದರಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ಅತ್ತಿತೋ, ಕತೆ ರುಚಿಸಿ ಬಾಯಲ್ಲಿ ನೀರೂರಿತೋ, ನಾನು ಕೇಳಲಿಲ್ಲ. ಈಗ ನೀನು ಕೂತು ಕೇಳು."

ಶಿಷ್ಯ ಕೂತ. ಗುರುಗಳು ಹೇಳಿದ ಕತೆ ಇದು.

ಎರಡು ಸೀಮೆಗಳ ನಡುವೆ ಒಂದು ಬಯಲಿತ್ತು. ದಾಟಲು ಒಂದು ಹಗಲು ಬೇಕು. ಮರವಿಲ್ಲ, ಊರಿಲ್ಲ. ಅಲ್ಲಿನ ಬಿಸಿಲು ಎಂಥದ್ದೆಂದರೆ ಓತಿಕ್ಯಾತ ತನ್ನ ಬಾಲದ ನೆರಳಿನಲ್ಲಿ ಮಲಗುತ್ತಿತ್ತು. ನಗಬೇಡ. ಆ ನೆರಳನ್ನು ನಾನೇ ಅಳೆದಿದ್ದೇನೆ, ಒಂದು ಗೇಣಿಗೆ ಎರಡು ಬೆರಳು ಕಡಿಮೆ.

ಬಯಲಿನ ನಡುವೆ ಒಂದು ಅರವಟ್ಟಿಗೆ. ನಾಲ್ಕು ಕಂಬ, ಮೇಲೆ ಸೋಗೆ, ಕೆಳಗೆ ಮರಳಿನಲ್ಲಿ ಹೂತಿಟ್ಟ ಎರಡು ಮಡಕೆ. ಬೇಸಿಗೆಯಲ್ಲಿ ದಾರಿಹೋಕರಿಗೆ ನೀರು ಕೊಡಲೆಂದು ಈಚೆ ಸೀಮೆಯ ಒಂದು ಊರಿನವರು ಅದನ್ನು ಇಡಿಸಿದ್ದರು. ನೀರು ಹೊಯ್ಯಲು ಒಬ್ಬನನ್ನು ಕೂರಿಸಿದ್ದರು. ಅವನಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ, ಒಡಹುಟ್ಟಿದವರಿಲ್ಲ. ಎಂಟು ದಿನಕ್ಕೊಮ್ಮೆ ಊರಿನಿಂದ ಹಿಟ್ಟು ಬರುತ್ತಿತ್ತು. ಬಾವಿ ಎರಡು ಕೂಗಳತೆ ದೂರ. ಅಲ್ಲಿಂದ ಅವನೇ ಕೊಡ ಹೊತ್ತು ತರಬೇಕು. ಮಳೆ ಬಿದ್ದ ಮೇಲೆ ಊರಿಗೆ ಹೋಗಿ ಗುಡಿಯ ಜಗಲಿಯಲ್ಲಿ ಮಲಗುತ್ತಿದ್ದ. ಬಿಸಿಲು ಏರಿದೊಡನೆ ಮತ್ತೆ ಬಯಲಿಗೆ ಬರುತ್ತಿದ್ದ. ಊರಿಗಿಂತ ಬಯಲೇ ಅವನಿಗೆ ಮನೆ. ಊರಿನಲ್ಲಿ ಅವನಿಗಾಗಿ ಯಾರೂ ಕಾಯುತ್ತಿರಲಿಲ್ಲ. ಬಯಲಿಗೆ ಬರುವವರಿಗೆ ಅವನು ಬೇಕಿತ್ತು.

ಹೀಗೆ ಇಪ್ಪತ್ತೇಳು ಬೇಸಿಗೆ ಹೋಯಿತು.

ದಾರಿಹೋಕರಲ್ಲಿ ಅರ್ಧಕ್ಕರ್ಧ ಆಚೆ ಸೀಮೆಯವರು. ಅವರ ಮಾತಿನಲ್ಲಿ ಒಂದು ಶಬ್ದವೂ ಇವನಿಗೆ ಬಾರದು. ಕಲಿಯಬೇಕು ಎಂದೂ ಅನ್ನಿಸಿರಲಿಲ್ಲ. ಯಾರಾದರೂ ಕೇಳಿದರೆ, "ಬಾಯಾರಿಕೆಗೆ ಎಂಥ ಮಾತಯ್ಯ? ಬೊಗಸೆ ಒಡ್ಡಿದರೆ ಹೊಯ್ಯುತ್ತೇನೆ, ತಲೆ ಎತ್ತಿದರೆ ನಿಲ್ಲಿಸುತ್ತೇನೆ" ಎನ್ನುತ್ತಿದ್ದ. ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ಬೊಗಸೆ ಒಡ್ಡಿದವರಿಗೆಲ್ಲ ನೀರು ಸಿಕ್ಕಿತು. ಕುಡಿದವರು ಹೋದರು. ಅವರ ಬೆನ್ನು ಇರುವೆಯಷ್ಟಾಗುವವರೆಗೆ ಇವನು ನೋಡುತ್ತಿದ್ದ. ಆಮೇಲೆ ನೋಡಲು ಬಯಲು ಮಾತ್ರ ಇರುತ್ತಿತ್ತು.

ಇಪ್ಪತ್ತೇಳನೆಯ ಬೇಸಿಗೆಯ ಕೊನೆಗೆ, ನಡುಹಗಲಿನಲ್ಲಿ, ಆಚೆ ಸೀಮೆಯ ಒಬ್ಬ ದಾರಿಹೋಕ ಬಂದ. ಅವನು ಬೊಗಸೆ ಒಡ್ಡಲಿಲ್ಲ. ಕಂಬ ಹಿಡಿದುಕೊಂಡು ಕುಸಿದ.

ಅರವಟ್ಟಿಗೆಯವನು ಓಡಿಬಂದು ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಬಾಯಿಗೆ ಹನಿಹನಿಯಾಗಿ ನೀರು ಬಿಟ್ಟ. ದಾರಿಹೋಕ ಕಣ್ಣು ತೆರೆದ. ತನ್ನ ಮಾತಿನಲ್ಲಿ ನಾಲ್ಕು ಶಬ್ದ ಹೇಳಿದ. ಅರವಟ್ಟಿಗೆಯವನು ಮಗುವನ್ನು ಸಮಾಧಾನ ಮಾಡುವವರ ಹಾಗೆ "ಹೂಂ" ಎಂದ. ದಾರಿಹೋಕ ಅದೇ ನಾಲ್ಕು ಶಬ್ದ ಮತ್ತೆ ಹೇಳಿದ. "ಹೂಂ ಕಣಪ್ಪ, ಹೂಂ" ಎಂದ ಇವನು. ಮೂರನೆಯ ಸಲ ದಾರಿಹೋಕ ಇವನ ಮಣಿಕಟ್ಟು ಹಿಡಿದುಕೊಂಡು ಹೇಳಿದ. ಇವನು ಮೂರನೆಯ ಸಲವೂ ಹೂಂ ಎಂದ. ಆಗ ದಾರಿಹೋಕನ ಮುಖ ತಿಳಿಯಾಯಿತು. ಹಿಡಿದ ಕೈ ಸಡಿಲವಾಯಿತು.

ಮಡಕೆಯ ನೀರು ಬಿಸಿಯಾಗಿದೆ, ಬಾವಿಯ ತಣ್ಣೀರು ತಂದರೆ ಜೀವ ಉಳಿದೀತು ಎಂದು ಇವನಿಗೆ ತೋರಿತು. ತಲೆಯನ್ನು ಮೆಲ್ಲಗೆ ಮರಳಿನ ಮೇಲೆ ಇಳಿಸಿದ. ಕೊಡ ಎತ್ತಿಕೊಂಡು ಓಡಿದ. ತುಂಬಿಸಿಕೊಂಡು ಬರುವಷ್ಟರಲ್ಲಿ ದಾರಿಹೋಕ ಸತ್ತಿದ್ದ. ಅವನ ಮುಖ ಬಾವಿಯ ದಾರಿಗೆ ತಿರುಗಿತ್ತು.

ಅಂದೇ ಸಂಜೆಯ ಮೊದಲು ಊರಿನ ಹಿರಿಯರು ಮೂವರು ಹಿಟ್ಟು ಹಿಡಿದುಕೊಂಡು ಬಂದರು. ಸತ್ತವನ ಗಂಟಿನಲ್ಲಿ ಒಂದು ಹಿಡಿ ಹುರಿಗಡಲೆ ಬಿಟ್ಟರೆ ಬೇರೇನೂ ಇರಲಿಲ್ಲ. ಯಾವ ಊರು, ಯಾರ ಮಗ, ತಿಳಿಯಲಿಲ್ಲ. ಎಲ್ಲರೂ ಸೇರಿ ಮಣ್ಣು ಮಾಡಿದರು.

ಕೈ ತೊಳೆಯುತ್ತ ದೊಡ್ಡ ಹಿರಿಯ ಕೇಳಿದ: "ಕೊನೆಗೆ ನೀರು ಬಿಟ್ಟವನು ನೀನೇ?"

"ನಾನೇ."

"ಏನಾದರೂ ಕೇಳಿದನೇ?"

"ಏನೋ ಕೇಳಿದ."

"ನೀನೇನಂದೆ?"

"ಹೂಂ ಅಂದೆ."

"ಎಷ್ಟು ಸಲ?"

"ಮೂರು ಸಲ."

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಸೀಮೆಯಲ್ಲಿ ಒಂದು ಕಟ್ಟಳೆಯಿತ್ತು. ಸಾಯುವವನ ಬಾಯಿಗೆ ನೀರು ಬಿಟ್ಟು ಹೂಂ ಎಂದವನು ಅವನ ಕೊನೆಯ ಮಾತನ್ನು ಹೊತ್ತ ಹಾಗೆ. ಅದನ್ನು ನಡೆಸಿ ಕೊಡುವವರೆಗೆ ಅವನ ಕೈಯಿಂದ ಇನ್ನೊಬ್ಬರು ನೀರು ಕುಡಿಯುವಂತಿಲ್ಲ.

"ಏನು ಕೇಳಿದನೋ ಮಾರಾಯ? ಮನೆಗೆ ಸುದ್ದಿ ಮುಟ್ಟಿಸು ಎಂದನೋ, ಮಗಳ ಮದುವೆ ಮಾಡು ಎಂದನೋ?"

"ಅವರ ಮಾತು ನನಗೆಲ್ಲಿ ತಿಳಿಯುತ್ತದೆ?"

"ತಿಳಿಯದೆ ಹೂಂ ಅಂದೆಯಾ? ಕೋಲೆಬಸವ ಕೂಡ ಕೇಳಿದ್ದೇನು ಎಂದು ನೋಡಿ ತಲೆ ಆಡಿಸುತ್ತದಲ್ಲೋ!"

ಹಿರಿಯರು ಮಡಕೆಗಳನ್ನು ಮಗುಚಿ ಹಾಕಿದರು. "ಮುಂದಿನ ಬೇಸಿಗೆಯೊಳಗೆ ಹೊರೆ ಇಳಿಸಿ ಬಾ. ಈ ಬಯಲಿನಲ್ಲಿ ಕೂರಲು ಬೇರೆ ಯಾರೂ ಒಪ್ಪುವುದಿಲ್ಲ. ನೀನು ಬರದಿದ್ದರೆ ಅರವಟ್ಟಿಗೆ ಮುಗಿದ ಹಾಗೆ" ಎಂದು ಹೇಳಿ ಹೋದರು.

ಅವನಿಗೆ ಲೋಕದಲ್ಲಿ ಇದ್ದದ್ದು ಆ ಎರಡು ಮಡಕೆ. ಅವುಗಳ ಬೆನ್ನು ನೋಡುತ್ತ ಸ್ವಲ್ಪ ಹೊತ್ತು ಕೂತಿದ್ದ. ಆಮೇಲೆ ಎದ್ದು ಆಚೆ ಸೀಮೆಯ ಕಡೆಗೆ ನಡೆದ.

ಆ ನಾಲ್ಕು ಶಬ್ದಗಳನ್ನು ಅವನು ಕೆಂಡವನ್ನು ಎಲೆಯಲ್ಲಿ ಸುತ್ತಿಕೊಂಡು ಹೋಗುವವನ ಹಾಗೆ ಒಯ್ದ. ಒಂದೊಂದು ಹೆಜ್ಜೆಗೂ ಹೇಳಿಕೊಂಡ. ಆಚೆ ಸೀಮೆಯಲ್ಲಿ ಮೊದಲು ಸಿಕ್ಕವನು ಒಬ್ಬ ಕುಂಬಾರ. ತಲೆಯ ಮೇಲೆ ಮಡಕೆಗಳ ಹೊರೆಯಿತ್ತು. ಅರವಟ್ಟಿಗೆಯವನು ಅವನ ಮುಂದೆ ನಿಂತು ನಾಲ್ಕು ಶಬ್ದ ಹೇಳಿ, ಇದೇನು ಎಂದು ಕೈ ತಿರುಗಿಸಿದ. ಕುಂಬಾರ ಇವನ ಮುಖ ನೋಡಿದ. ಹೊರೆ ಇಳಿಸಿದ. ಇವನ ಪಕ್ಕದಲ್ಲಿ ನೆಲದ ಮೇಲೆ ಕೂತ. ಏನೂ ಹೇಳಲಿಲ್ಲ. ನೆರಳು ಒಂದು ಮೊಳ ಸರಿದ ಮೇಲೆ ಎದ್ದು ಹೋದ.

ಎರಡನೆಯವನು ಒಬ್ಬ ಗಾಡಿಯವನು. ನಾಲ್ಕು ಶಬ್ದ ಕೇಳಿದ, ಎತ್ತು ಬಿಚ್ಚಿದ, ಪಕ್ಕದಲ್ಲಿ ಕೂತ. ಮೂರನೆಯವಳು ಸೊಪ್ಪು ಮಾರುವವಳು. ಅವಳೂ ಬುಟ್ಟಿ ಇಳಿಸಿ ಕೂತಳು. ಒಂದು ದಿನ ಮದುವೆಯ ದಿಬ್ಬಣ ಎದುರಾಯಿತು. ಇವನು ಮದುಮಗನಿಗೇ ಹೇಳಿದ. ಇಡೀ ದಿಬ್ಬಣ ಕೂತಿತು, ವಾಲಗದವರು ಕೂತರು, ಕುದುರೆ ಕೂಡ ಮಂಡಿಯೂರಿತು. ಮುಹೂರ್ತ ಮೀರಿತು. ಆ ಮದುವೆಯಲ್ಲಿ ನಾನು ಊಟ ಮಾಡಿದವನು, ಹೋಳಿಗೆ ತಣ್ಣಗಾಗಿತ್ತು.

ಈ ಸೀಮೆಯವರು ಮಹಾ ಸೋಮಾರಿಗಳು, ಏನು ಕೇಳಿದರೂ ಕೂರುತ್ತಾರೆ ಎಂದು ಅರವಟ್ಟಿಗೆಯವನು ತಿಳಿದ. ಕೇಳುವುದನ್ನೇ ಬಿಡಬೇಕು ಎಂದುಕೊಂಡ.

ಕೂರದೆ ಇದ್ದವಳು ಒಬ್ಬಳೇ. ಅವಳು ಹಗ್ಗ ಹೊಸೆಯುವ ಒಬ್ಬ ಮುದುಕಿ. ಇವನು ಕೊನೆಯ ಸಲ ಎಂದುಕೊಂಡು ಅವಳ ಮುಂದೆ ನಿಂತು ನಾಲ್ಕು ಶಬ್ದ ಹೇಳಿದ. ಅವಳು ಇವನನ್ನು ಮೇಲಿಂದ ಕೆಳಗೆ ನೋಡಿದಳು. ತನ್ನ ಮಾತಿನಲ್ಲಿ ಏನೋ ಗೊಣಗಿದಳು. ಹಗ್ಗದ ಒಂದು ತುದಿಯನ್ನು ಇವನ ಕೈಗೆ ಕೊಟ್ಟು, ದೂರ ಹೋಗಿ ನಿಲ್ಲು ಎಂದು ಕೈ ಮಾಡಿದಳು.

ಹಗ್ಗ ಒಬ್ಬರಿಂದ ಆಗುವ ಕೆಲಸವಲ್ಲ. ಒಂದು ತುದಿಯಲ್ಲಿ ಒಬ್ಬರು ಹುರಿ ತಿರುಗಿಸಬೇಕು. ಇನ್ನೊಂದು ತುದಿಯನ್ನು ಇನ್ನೊಬ್ಬರು ಎಳೆದು ಹಿಡಿಯಬೇಕು. ಹುರಿ ಏರಿದಂತೆ ಹಗ್ಗ ಗಿಡ್ಡವಾಗುತ್ತದೆ. ಆಗ ಹಿಡಿದವರು ಒಂದೊಂದೇ ಹೆಜ್ಜೆ ಮುಂದೆ ಬರಬೇಕು. ಮುದುಕಿಯ ಗಂಡ ಸತ್ತು ಹತ್ತು ವರ್ಷವಾಗಿತ್ತು. ಅಂದಿನಿಂದ ಅವಳು ಆ ತುದಿಯನ್ನು ಬೇವಿನ ಮರಕ್ಕೆ ಕಟ್ಟುತ್ತಿದ್ದಳು. ಮರ ಹೆಜ್ಜೆ ಇಡುವುದಿಲ್ಲ. ಹಗ್ಗ ಹರಿಯುತ್ತಿತ್ತು.

ಅರವಟ್ಟಿಗೆಯವನು ಹೆಜ್ಜೆ ಇಟ್ಟ. ಹಗ್ಗ ಉಳಿಯಿತು. ಮುದುಕಿ ಅವನಿಗೆ ಒಂದು ಮುದ್ದೆ ಕೊಟ್ಟಳು. ಅವನು ಅಲ್ಲಿಯೇ ಉಳಿದ.

ಅವನು ಆಚೆ ಸೀಮೆಯ ಮಾತು ಕಲಿತದ್ದು ಹೀಗೆ. ಮುದುಕಿ ಮೂವತ್ತು ಮೊಳದ ಆಚೆಯಿಂದ ಕೂಗುತ್ತಿದ್ದಳು: ಬಿಗಿ ಹಿಡಿ. ಸಡಿಲ ಬಿಡು. ನಿಲ್ಲು. ಬಾ. ತಪ್ಪಿದರೆ, "ಎಮ್ಮೆ ಕಟ್ಟಿದ್ದರೂ ಇಷ್ಟು ಹೊತ್ತಿಗೆ ಕಲಿತಿರುತ್ತಿತ್ತು, ಹಾಲೂ ಕೊಡುತ್ತಿತ್ತು" ಎನ್ನುತ್ತಿದ್ದಳು. ಎಮ್ಮೆ ಎಂದರೇನು ಎಂದು ಅವನಿಗೆ ಒಂದು ತಿಂಗಳಿಗೆ ತಿಳಿಯಿತು. ಬೈದದ್ದು ಎಂದು ಎರಡನೆಯ ತಿಂಗಳಿಗೆ ತಿಳಿಯಿತು. ಮೂರನೆಯ ತಿಂಗಳಿಗೆ ನಕ್ಕ. ಹಗ್ಗ ಹೊಸೆದು ಮುಗಿಯುವ ಹೊತ್ತಿಗೆ ಇಬ್ಬರೂ ಹತ್ತಿರ ಬಂದಿರುತ್ತಿದ್ದರು. ಆಗ ಮುದುಕಿ ಮೆಲ್ಲಗೆ ಮಾತಾಡುತ್ತಿದ್ದಳು: ಅವಳ ಗಂಡ, ಅವಳ ಹಲ್ಲುನೋವು, ಪುಂಡಿ ನಾರಿಗೆ ಹಿಡಿದ ಹುಳ. ಅವನು ಕೇಳುತ್ತಿದ್ದ. ತಿಳಿದಾಗ ಹೂಂ ಎನ್ನುತ್ತಿದ್ದ. ತಿಳಿಯದಿದ್ದಾಗ ಬಾಯಿ ಮುಚ್ಚಿಕೊಂಡಿರುತ್ತಿದ್ದ. ಅಷ್ಟು ಬುದ್ಧಿ ಬಂದಿತ್ತು.

ಆ ಮುದುಕಿಯ ಹಗ್ಗದಿಂದ ಒಮ್ಮೆ ಮೋಡವನ್ನು ಕಟ್ಟಿ ಎಳೆದು ತಂದರಂತೆ. ಅದನ್ನು ನಾನು ನೋಡಿಲ್ಲ. ನೋಡದ್ದನ್ನು ನಾನು ಹೇಳುವುದಿಲ್ಲ.

ಮಳೆ ಹೋಯಿತು. ಚಳಿ ಬಂತು. ಅವನಿಗೆ ಬೇಕಾದಷ್ಟು ಮಾತು ಬಂತು. ಆದರೆ ಆ ನಾಲ್ಕು ಶಬ್ದ ಮಾತ್ರ ತೆರೆಯಲಿಲ್ಲ. ಹಗ್ಗದ ಕೆಲಸದಲ್ಲಿ ಅವುಗಳಿಗೆ ಎಡೆಯೇ ಇರಲಿಲ್ಲ. ಮುದುಕಿಯನ್ನು ಕೇಳಲು ಬಾಯಿ ಬರಲಿಲ್ಲ. ಈ ಸಲ ಎಲ್ಲಿ ಅವಳೂ ಕೆಲಸ ಬಿಟ್ಟು ಕೂತುಬಿಡುತ್ತಾಳೋ ಎಂದು ಅಂಜಿಕೆ. ಸತ್ತವನು ಕೇಳಿದ್ದು ದೊಡ್ಡದೇ ಇರಬೇಕು, ಅದನ್ನು ನಡೆಸಲು ತನ್ನಿಂದ ಆದೀತೋ ಇಲ್ಲವೋ ಎಂದು ಇನ್ನೊಂದು ಅಂಜಿಕೆ.

ಒಂದು ದಿನ ಪಕ್ಕದ ಮನೆಯ ಹೆಂಗಸು ಬಂದಳು. ಇವರಿಬ್ಬರೂ ಹಗ್ಗ ಹಿಡಿದು ನಿಂತಿದ್ದರು. ಆ ಹೆಂಗಸು ಸ್ವಲ್ಪ ಮಾತಾಡಿ ಹೊರಡಲು ಎದ್ದಳು. ಮುದುಕಿ, "ಬಿಸಿಲು ಇಳಿಯಲಿ" ಎಂದಳು. ಆಮೇಲೆ ಆ ನಾಲ್ಕು ಶಬ್ದ ಹೇಳಿದಳು. ಎದ್ದ ಹೆಂಗಸು ಮತ್ತೆ ಕೂತಳು.

ಅರವಟ್ಟಿಗೆಯವನ ಕೈಯಿಂದ ಹಗ್ಗ ಜಾರಿತು. ಮೂವತ್ತು ಮೊಳದ ಹುರಿ ಬಿಚ್ಚಿಕೊಂಡು ನೆಲದ ಮೇಲೆ ಹಾವಿನ ಹಾಗೆ ಹೊರಳಿತು.

"ಲೋ ನೀರಿನವನೇ, ಕೈ ಬಿಟ್ಟೆಯಾ! ಬೆಳಗಿನಿಂದ ತಿರುಗಿಸಿದ್ದೆಲ್ಲ ಹೋಯಿತು!" ಎಂದು ಮುದುಕಿ ಕೂಗಿದಳು.

ಅವನು ಅವಳ ಹತ್ತಿರ ಬಂದ. "ಅವ್ವಾ, ಈಗ ಅವಳಿಗೆ ಏನು ಹೇಳಿದೆ?"

"ಏನು ಹೇಳಿದೆ? ಸ್ವಲ್ಪ ನನ್ನ ಹತ್ತಿರ ಕೂತಿರು ಎಂದೆ. ನೀನು ಬಂದ ಹೊಸತರಲ್ಲಿ ಊರಿಗೆಲ್ಲ ಅದನ್ನೇ ಹೇಳಿಕೊಂಡು ತಿರುಗುತ್ತಿದ್ದೆಯಲ್ಲ? ಪಾಪ, ಯಾರೂ ಇಲ್ಲದವನು ಎಂದು ಜನ ಕೂತರು. ನನಗೆ ಕೂರಲು ಬಿಡುವಿರಲಿಲ್ಲ, ಹಗ್ಗ ಕೊಟ್ಟೆ."

ಅವನು ದಾರಿಹೋಕನ ಸಂಗತಿ ಹೇಳಿದ. ಮೂರು ಸಲ ಕೇಳಿದ್ದು, ಮೂರು ಸಲ ಹೂಂ ಎಂದದ್ದು, ಎಲ್ಲ ಹೇಳಿದ. ಅವಳ ಮಾತಿನಲ್ಲಿಯೇ ಹೇಳಿದ.

"ಕೂತೆಯಾ ಮತ್ತೆ?" ಎಂದು ಮುದುಕಿ ಕೇಳಿದಳು.

"ಇಲ್ಲವ್ವಾ. ನೀರು ತರಲು ಹೋದೆ."

ಮುದುಕಿ ಬಗ್ಗಿದಳು. ನೆಲದ ಮೇಲೆ ಬಿದ್ದ ಎಳೆಗಳನ್ನು ಒಂದೊಂದಾಗಿ ಆಯ್ದು ಬೇರೆ ಮಾಡತೊಡಗಿದಳು. ಪಕ್ಕದ ಮನೆಯವಳು ಎದ್ದು ಹೋದಳು.

ಅವನು ಹೇಳಿದ: "ಅದೊಂದು ಚಿಕ್ಕ ಮಾತು. ಆಗಲೇ ನಡೆಸಬಹುದಿತ್ತು. ಈಗ ಲೋಕದಲ್ಲಿ ಯಾರಿಂದಲೂ ಆಗುವುದಿಲ್ಲ. ಇನ್ನು ನಾನು ಮಡಕೆ ಮುಟ್ಟುವಂತಿಲ್ಲ."

"ಯಾರು ಹೇಳಿದ್ದು?"

"ನಮ್ಮ ಸೀಮೆಯ ಕಟ್ಟಳೆ."

"ನಮ್ಮ ಸೀಮೆಯಲ್ಲಿ ಹಾಗಿಲ್ಲ. ಹೋದವನಿಗೆ ಮಾಡಲಾಗದ್ದನ್ನು ಬರುವವನಿಗೆ ಮಾಡು ಎನ್ನುತ್ತೇವೆ."

"ಈ ಮಾತು ನಮ್ಮ ಕಡೆ ಯಾರೂ ಹೇಳಿದ್ದಿಲ್ಲ."

"ಹೇಳುವವರು ಈ ಕಡೆ ಇದ್ದೇವಲ್ಲ" ಎಂದಳು ಮುದುಕಿ.

ಆ ಹಗ್ಗವನ್ನು ಇಬ್ಬರೂ ಮೊದಲಿನಿಂದ ಹೊಸೆದು ಮುಗಿಸಿದರು. ಬಿಸಿಲು ಏರುವ ಕಾಲ ಹತ್ತಿರವಾಗಿತ್ತು. ಹೊರಡುವ ದಿನ ಅವನು, "ಈ ತುದಿ ಇನ್ನು ಯಾರು ಹಿಡಿಯುತ್ತಾರೆ ಅವ್ವಾ?" ಎಂದು ಕೇಳಿದ. "ಮರ ಇದೆ, ಹೋಗು" ಎಂದಳು. ಅವನು ಹೋಗಲಿಲ್ಲ. ಅವಳ ಪಕ್ಕದಲ್ಲಿ ಕೂತ. ಅವಳು ಎದ್ದು ನಾರು ಕೊಡವುವವರೆಗೂ ಕೂತಿದ್ದು ಆಮೇಲೆ ಹೊರಟ.

ಊರಿನ ಹಿರಿಯರ ಮುಂದೆ ನಿಂತು ಅವನು ಹೇಳಿದ: "ಸತ್ತವನು ಆಚೆ ಸೀಮೆಯವನು. ಅವನ ಮಾತನ್ನು ಆಚೆ ಸೀಮೆಯ ಕಟ್ಟಳೆಯಂತೆ ಇಳಿಸುತ್ತೇನೆ." ಆ ಕಟ್ಟಳೆ ಏನೆಂದು ತಿಳಿಸಿದ. ಇಬ್ಬರು ಹಿರಿಯರು ಒಪ್ಪಲಿಲ್ಲ. ದೊಡ್ಡ ಹಿರಿಯ ಮಾತ್ರ, "ಅವನ ಮಾತು ಅವರದು. ಅವರು ಇಳಿಯಿತು ಎಂದರೆ ಇಳಿಯಿತು" ಎಂದ. ಮಡಕೆಗಳನ್ನು ಎತ್ತಿ ನಿಲ್ಲಿಸಿದರು.

ಅರವಟ್ಟಿಗೆಯವನು ಒಬ್ಬನೇ ಬಯಲಿಗೆ ಬಂದ. ಸತ್ತವನನ್ನು ಹೂತ ಜಾಗದಲ್ಲಿ ಮಣ್ಣು ಕುಸಿದಿತ್ತು. ಇನ್ನಷ್ಟು ಮಣ್ಣು ತಂದು ಹಾಕಿದ. ಬಾವಿಯಿಂದ ನೀರು ತಂದು ಮಡಕೆ ತುಂಬಿದ. ಎರಡು ದಿನ ಯಾರೂ ಬರಲಿಲ್ಲ. ಅರವಟ್ಟಿಗೆ ಮುಚ್ಚಿತು ಎಂಬ ಸುದ್ದಿ ಹಬ್ಬಿ ಜನ ಸುತ್ತುದಾರಿ ಹಿಡಿದಿದ್ದರು.

ಮೂರನೆಯ ದಿನ ಆಚೆ ಸೀಮೆಯ ಒಬ್ಬ ಕಂಬಳಿ ಮಾರುವವನು ಬಂದ. ಬೊಗಸೆ ಒಡ್ಡಿದ. ಇವನು ಹೊಯ್ದ. ಅವನು ಕುಡಿದು ತಲೆ ಎತ್ತಿದ. ಬಾಯಿ ಒರೆಸಿಕೊಂಡು, "ಅಣ್ಣಾ, ನೀನು ಕುಡಿದೆಯಾ?" ಎಂದು ಕೇಳಿದ.

ಇವನ ಕೈ ಹಾಗೆಯೇ ನಿಂತಿತು. "ಏನಂದೆ?"

"ಓಹೋ, ನಿನಗೆ ನಮ್ಮ ಮಾತು ಬರುತ್ತದೆಯೇ?" ಎಂದು ಕಂಬಳಿಯವನು ಬೆರಗಾದ. "ನೀರು ಹೊಯ್ದವನನ್ನು ಹಾಗೆ ಕೇಳದೆ ನಮ್ಮಲ್ಲಿ ಯಾರೂ ಹೊರಡುವುದಿಲ್ಲ. ಪ್ರತಿ ಬೇಸಿಗೆಯೂ ಕೇಳುತ್ತಿದ್ದೆ. ನೀನು ಹೋಗು ಹೋಗು ಎಂದು ಕೈ ಬೀಸುತ್ತಿದ್ದೆ."

"ಎಲ್ಲರೂ ಕೇಳುತ್ತಿದ್ದರೇ?"

"ಕೇಳದೆ ಇರುತ್ತಾರೆಯೇ?"

ಇಪ್ಪತ್ತೇಳು ಬೇಸಿಗೆ. ಆ ದಾರಿಯಲ್ಲಿ ಬಂದ ಅರ್ಧ ಜನ. ಅರವಟ್ಟಿಗೆಯವನು ಕಂಬಕ್ಕೆ ಒರಗಿದ. ಅವರ ಮಾತಿನಲ್ಲಿ, "ಇಲ್ಲ, ಕುಡಿದಿಲ್ಲ" ಎಂದ.

ಕಂಬಳಿಯವನು ಅವನ ಕೈಯಿಂದ ಚೆಂಬು ತೆಗೆದುಕೊಂಡ. ಅರವಟ್ಟಿಗೆಯವನು ಬೊಗಸೆ ಒಡ್ಡಿದ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ಶಿಷ್ಯ ಹೇಳಿದ: "ಗುರುಗಳೇ, ಅವನ ಕತೆ ಬೇರೆ. ಅವನನ್ನು ಕೇಳುವವರಾದರೂ ಇದ್ದರು. ನಾನು ಈ ಮಠದಲ್ಲಿ ಒಂಬತ್ತು ವರ್ಷದಿಂದ ಬಡಿಸುತ್ತಿದ್ದೇನೆ. ನೀನು ಉಂಡೆಯಾ ಎಂದು ಒಬ್ಬರೂ ಕೇಳಿದ್ದಿಲ್ಲ."

ಗುರುಗಳು ಹೇಳಿದರು: "ಕೇಳಿಲ್ಲವೆಂದು ನಿನಗೆ ಹೇಗೆ ಗೊತ್ತು?"